ಸೊಟ್ಟ ಶಿಖರದ ಊರಿನಲ್ಲಿ

ಮೊದಲ ದಿನ: ಎಡಗಡೆಯ ಕಿಟಕಿ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ರೈಲು ಇನ್ನೂ ಹೊರಟಿರಲಿಲ್ಲ, ತಂಗಿಯ ಸಂದೇಶ ಬಂತು: "ಅಣ್ಣಾ, ಎಡಗಡೆಯ ಕಿಟಕಿಗೆ ಕುಳಿತುಕೋ. ಚೆಸ್ಟರ್‌ಫೀಲ್ಡ್ ಬರುವಾಗ ನಿದ್ದೆ ಮಾಡಬೇಡ."

ಅವಳು ಶೆಫೀಲ್ಡಿಗೆ ಹೋಗಿ ನೆಲೆಸಿ ಹನ್ನೊಂದು ವರ್ಷವಾಯಿತು. ಅಷ್ಟು ವರ್ಷವೂ "ಬಾ" ಎಂದು ಕರೆದಿದ್ದಾಳೆ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ನೆಪಗಳು ಮುಗಿದುಹೋದವು. ಎಡಗಡೆಯೇ ಕುಳಿತೆ. ಲೆಸ್ಟರ್ ದಾಟುವವರೆಗೆ ಕುರಿಗಳನ್ನು ಎಣಿಸಿದೆ. ಡರ್ಬಿ ದಾಟಿದ ಮೇಲೆ ಆ ಕುರಿಗಳೇ ನನ್ನನ್ನು ನಿದ್ದೆಗೆ ಎಳೆದವು.

ಎಚ್ಚರವಾದದ್ದು ಬ್ರೇಕಿನ ಸದ್ದಿಗೆ. ಕಣ್ಣುಜ್ಜಿ ನೋಡಿದರೆ, ಮನೆಗಳ ಮಾಡುಗಳ ಮೇಲೆ ಏನೋ ಒಂದು ಬೂದುಬಣ್ಣದ್ದು ನಿಂತಿತ್ತು. ಒದ್ದೆ ಪಂಚೆಯನ್ನು ಹಿಂಡಿ, ಹಿಂಡಿದ ಸುರುಳಿ ಬಿಚ್ಚದ ಹಾಗೆ ಆಕಾಶಕ್ಕೆ ನೆಟ್ಟಂತಿತ್ತು. ನಿದ್ದೆಗಣ್ಣಿನ ದೋಷವೆಂದುಕೊಂಡು ಕನ್ನಡಕ ಹಾಕಿಕೊಂಡೆ. ಕನ್ನಡಕದಲ್ಲಿ ಇನ್ನೂ ಸೊಟ್ಟಗೆ ಕಂಡಿತು.

ಎದುರು ಸೀಟಿನ ಅಜ್ಜಿ ಹೆಣಿಗೆಯ ಉಲ್ಲನ್ನು ಚೀಲಕ್ಕೆ ತುರುಕುತ್ತ ನಕ್ಕರು. "ಅದು ಕಂಡಿತೆಂದರೆ ಮನೆ ಬಂತು ಎಂದು ಲೆಕ್ಕ" ಎಂದರು. ಅವರು ಇಳಿದುಹೋದರು, ರೈಲು ಹೊರಟಿತು. ನಾನು ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಲೇ ಇದ್ದೆ. ರೈಲು ಸರಿದಂತೆ ಅದೂ ಬೇರೆ ಬೇರೆ ಕಡೆಗೆ ಬಾಗಿದ ಹಾಗೆ ಕಾಣುತ್ತಿತ್ತು. ಅಲ್ಲಿಂದ ಶೆಫೀಲ್ಡಿಗೆ ಕಾಲು ಗಂಟೆಯೂ ಇಲ್ಲ.

ರಾತ್ರಿ ಊಟಕ್ಕೆ ಅನ್ನ, ಬಸಳೆಯ ಬದಲು ಪಾಲಕ್ ಹಾಕಿದ ಹುಳಿ. "ನೋಡಿದೆಯಾ?" ಎಂದಳು ತಂಗಿ.

"ನೋಡಿದೆ. ನಮ್ಮ ಹಿತ್ತಿಲ ಬಾಗಿಲಿನ ಹಾಗಿದೆ."

"ನಾನು ಮೊದಲ ಸಲ ನೋಡಿದಾಗ ಅಂದುಕೊಂಡದ್ದೂ ಅದನ್ನೇ" ಎಂದು ಅವಳು ಗಟ್ಟಿಯಾಗಿ ನಕ್ಕಳು.

ಆ ಬಾಗಿಲಿನ ಕಥೆ ಇಲ್ಲೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹಿತ್ತಿಲ ಕಡೆ ಹಲಸಿನ ಹಲಗೆಯ ಒಂಟಿ ಕದವಿದೆ. ನಾನು ಆರನೆಯ ತರಗತಿಯಲ್ಲಿದ್ದಾಗ ಮಾಡಿಸಿದ್ದು. ಮೊದಲ ಮಳೆಗಾಲಕ್ಕೇ ಅದು ಉಬ್ಬಿ, ಒಂದು ಮೂಲೆ ಜೋತುಬಿದ್ದು ನೆಲಕ್ಕೆ ಉಜ್ಜತೊಡಗಿತು. ತೆಗೆಯಬೇಕಾದರೆ ಎತ್ತಿ ತಳ್ಳಬೇಕು. ಅಪ್ಪ ಬದುಕಿರುವವರೆಗೂ ಪ್ರತಿ ಸಲ ಎತ್ತಿ ತಳ್ಳುವಾಗ ಒಂದೇ ಮಾತು ಹೇಳುತ್ತಿದ್ದರು: "ಹಸಿ ಮರ ಹಾಕಿದ ಆಚಾರಿ." ಆಚಾರಿಯನ್ನು ಮತ್ತೆ ನಮ್ಮ ಮನೆಗೆ ಕರೆಯಲಿಲ್ಲ. ಬಾಗಿಲನ್ನು ಬದಲಿಸಲೂ ಇಲ್ಲ.

ಎರಡನೆಯ ದಿನ, ಗುರುವಾರ: ಗಾಳಿ

ತಂಗಿಗೆ ರಜೆ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಚೆಸ್ಟರ್‌ಫೀಲ್ಡಿನಲ್ಲಿ ಇಳಿದೆವು. ಸೆಪ್ಟೆಂಬರಿನ ಬಿಸಿಲಿತ್ತು, ಆದರೆ ಗಾಳಿ ನಮ್ಮ ಆಷಾಢದ್ದು. ನಿಲ್ದಾಣದ ಹೊರಗೆ ಜಾರ್ಜ್ ಸ್ಟೀವನ್‌ಸನ್ನರ ಪ್ರತಿಮೆ ನಿಂತಿದೆ. ರೈಲ್ವೆಯ ಪಿತಾಮಹರೆಂದು ನಾವೆಲ್ಲ ಪಾಠ ಮಾಡಿದ ಅದೇ ಸ್ಟೀವನ್‌ಸನ್. ಕೊನೆಯ ವರ್ಷಗಳನ್ನು ಈ ಊರಿನ ಟ್ಯಾಪ್ಟನ್ ಹೌಸ್ ಎಂಬ ಮನೆಯಲ್ಲಿ ಕಳೆದು 1848ರಲ್ಲಿ ತೀರಿಕೊಂಡರು. ಸಮಾಧಿಯೂ ಇಲ್ಲಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ. ಅವರಿಗೆ ತೋಟದ ಹುಚ್ಚು. ಸೌತೆಕಾಯಿ ಡೊಂಕಾಗಿ ಬೆಳೆಯುವುದು ಅವರಿಗೆ ಸಹಿಸುತ್ತಿರಲಿಲ್ಲವಂತೆ. ಗಾಜಿನ ಕೊಳವೆಗಳನ್ನು ಮಾಡಿಸಿ, ಎಳೆಯ ಕಾಯಿಯನ್ನು ಅದರೊಳಗೆ ತೂರಿಸಿ ನೆಟ್ಟಗೆ ಬೆಳೆಸಿದರು. ಮನೆಯ ಕಿಟಕಿ ತೆರೆದರೆ ಎದುರಿಗೆ ಕಾಣುವುದು ಇಂಗ್ಲೆಂಡಿನ ಅತ್ಯಂತ ಡೊಂಕು ಶಿಖರ, ತೋಟದಲ್ಲಿ ನೆಟ್ಟನೆಯ ಸೌತೆಕಾಯಿ. ಎರಡಕ್ಕೂ ಸಂಬಂಧವಿದೆಯೆಂದು ಯಾರೂ ಬರೆದಿಲ್ಲ. ನಾನಂತೂ ಇದೆಯೆಂದೇ ನಂಬಿದ್ದೇನೆ.

ನಿಲ್ದಾಣದಿಂದ ಚರ್ಚಿಗೆ ಹತ್ತು ನಿಮಿಷದ ಏರು. ದಾರಿ ಕೇಳಬೇಕಾಗಿಲ್ಲ, ತಲೆ ಎತ್ತಿಕೊಂಡು ನಡೆದರೆ ಸಾಕು. ಹಾಗೆ ನಡೆದೇ ನಾನು ಒಂದು ದೀಪದ ಕಂಬಕ್ಕೆ ಹಣೆ ಬಡಿಸಿಕೊಂಡೆ.

ಸಂತ ಮೇರಿ ಮತ್ತು ಸಕಲ ಸಂತರ ಚರ್ಚು ಎಂಬುದು ಇದರ ಪೂರ್ತಿ ಹೆಸರು. ಗಾತ್ರ ನೋಡಿದರೆ ಬಿಷಪ್ಪರ ಕಥೀಡ್ರಲ್ ಇರಬೇಕು ಅನ್ನಿಸುತ್ತದೆ. ಅಲ್ಲ, ಇದು ಪ್ಯಾರಿಷ್ ಚರ್ಚು, ಊರಿನವರ ಚರ್ಚು. ಹುಟ್ಟಿದ ಮಗುವಿನ ಜ್ಞಾನಸ್ನಾನ, ಮದುವೆ, ಸಾವು ಎಲ್ಲವೂ ಇಲ್ಲಿಯೇ. ಡರ್ಬಿಶೈರ್ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಚರ್ಚು ಇಲ್ಲ. 13ನೆಯ ಶತಮಾನದಲ್ಲಿ ಶುರುವಾದ ಕಟ್ಟಡ ಮುಗಿಯುವಷ್ಟರಲ್ಲಿ ನೂರು ವರ್ಷಕ್ಕೂ ಮೇಲಾಯಿತು. ಕಲ್ಲಿನ ಗೋಪುರ ಚೌಕಾಕಾರ, ಒಂದಿಷ್ಟೂ ತಕರಾರಿಲ್ಲದೆ ನೆಟ್ಟಗಿದೆ. ತಕರಾರೆಲ್ಲ ಅದರ ಮೇಲೆ 1362ರ ಸುಮಾರಿಗೆ ಎದ್ದ ಮರದ ಶಿಖರದ್ದು. ನೆಲದಿಂದ ತುದಿಗೆ 228 ಅಡಿ. ಬುಡದಿಂದ ತುದಿಗೆ ಹೋಗುವಷ್ಟರಲ್ಲಿ ಶಿಖರ 45 ಡಿಗ್ರಿ ತಿರುಚಿಕೊಳ್ಳುತ್ತದೆ, ತುದಿ ತಾನಿರಬೇಕಾದ ಜಾಗದಿಂದ ಒಂಬತ್ತೂವರೆ ಅಡಿ ಆಚೆ ಹೋಗಿದೆ. ಮೈತುಂಬ ಸೀಸದ ತಗಡು. ಆ ತಗಡುಗಳನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿರುವುದರಿಂದ ಇರುವ ತಿರುಚು ಸಾಲದೆಂಬಂತೆ ಕಣ್ಣಿಗೆ ಇನ್ನಷ್ಟು ತಿರುಚು ಕಾಣುತ್ತದೆ.

ಚರ್ಚನ್ನು ಒಂದು ಸುತ್ತು ಹಾಕಿದೆವು. ತಂಗಿ ಅದನ್ನು ಪ್ರದಕ್ಷಿಣೆ ಎಂದೇ ಕರೆದಳು. ಒಂದು ಮೂಲೆಯಿಂದ ನೋಡಿದರೆ ಶಿಖರ ಬಹುಮಟ್ಟಿಗೆ ನೆಟ್ಟಗೆ, ಸ್ವಲ್ಪ ಹೊಟ್ಟೆ ಬಂದ ಹಾಗಿದೆ. ಇಪ್ಪತ್ತು ಹೆಜ್ಜೆ ಮುಂದೆ ಹೋದರೆ ಈಗಲೋ ಆಗಲೋ ಬೀಳುತ್ತದೆ ಅನ್ನಿಸುವಷ್ಟು ವಾಲಿದೆ. ಫೋಟೋ ತೆಗೆಯುವವರು ಒಂದೇ ಕಡೆಯಿಂದ ತೆಗೆದುಕೊಂಡು ಹೋದರೆ ಮೋಸಹೋದಂತೆ.

ಬಾಗಿಲಲ್ಲಿ ಕೈಬರಹದ ಚೀಟಿ: ಗಾಳಿಯ ಕಾರಣ ಇಂದು ಗೋಪುರ ಹತ್ತುವುದಿಲ್ಲ. ತಂಗಿ ಎರಡು ವಾರ ಮೊದಲೇ ಕಾದಿರಿಸಿದ್ದಳು. ಒಳಗೆ ಮೇಜಿನ ಹಿಂದಿದ್ದ ಸ್ವಯಂಸೇವಕ, ಎಪ್ಪತ್ತು ದಾಟಿದ ಹಿರಿಯರು, ನಮ್ಮ ಮುಖ ನೋಡಿ ತಾವೇ ತಪ್ಪು ಮಾಡಿದವರ ಹಾಗೆ ಕ್ಷಮೆ ಕೇಳಿದರು. ಶನಿವಾರ ಬೆಳಿಗ್ಗೆ ಎರಡು ಜಾಗ ಇದೆ ಎಂದು ಬರೆದುಕೊಂಡರು. ಇಲ್ಲಿಗೆ ಬರುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಬರುವುದು ವಾಸಿ. ಚರ್ಚಿನೊಳಗೆ ಹೋಗಲು ಟಿಕೆಟ್ಟಿಲ್ಲ. ಬಾಗಿಲ ಬಳಿ ಹುಂಡಿ ಇದೆ, ಮನಸ್ಸು ಬಂದಷ್ಟು ಹಾಕಬಹುದು.

ಒಳಗೆ ನೆರಳು, ಮೇಣದ ವಾಸನೆ, ಯಾರೋ ಹಿತ್ತಾಳೆ ಉಜ್ಜುತ್ತಿರುವ ಸದ್ದು. ಊರಿನ ಹಳೆಯ ಜಮೀನುದಾರರಾದ ಫೋಲ್‌ಜಾಂಬ್ ಮನೆತನದವರ ಸಮಾಧಿಗಳು ಒಂದು ಕಡೆ ಸಾಲಾಗಿವೆ. ಉತ್ತರದ ಭಾಗದಲ್ಲಿ ದೊಡ್ಡ ಆರ್ಗನ್. ಅದು ಇಲ್ಲಿನದಲ್ಲ, ಗ್ಲಾಸ್ಗೋ ನಗರದಿಂದ ಬಂದದ್ದು ಎಂದು ಹಿರಿಯರು ಹೇಳಿದರು. ಮೊದಲು ಇದ್ದದ್ದು ಜಾನ್ ಸ್ನೆಟ್ಸ್‌ಲರ್ 1756ರಲ್ಲಿ ಮಾಡಿಕೊಟ್ಟ ಆರ್ಗನ್. 1961ರ ಡಿಸೆಂಬರ್ 22ರಂದು, ಕ್ರಿಸ್‌ಮಸ್ಸಿಗೆ ಮೂರು ದಿನವಿರುವಾಗ, ಬೆಂಕಿ ಬಿದ್ದು ಅದು ಬೂದಿಯಾಯಿತು. ಜ್ವಾಲೆ ಗೋಪುರದ ಬುಡಕ್ಕೆ ಬಂದಿತ್ತು. ಮೇಲಿರುವುದು ಆರುನೂರು ವರ್ಷ ಒಣಗಿದ ಓಕ್ ಮರ. ಅದಕ್ಕೆ ಕಿಡಿ ಮುಟ್ಟಿದ್ದರೆ ಉಳಿಯುವ ಮಾತಿರಲಿಲ್ಲ. ಅಗ್ನಿಶಾಮಕದವರು ಹೇಗೋ ತಡೆದರು.

"ಆ ಆರ್ಗನ್ ಹೋದದ್ದಕ್ಕೆ ನಮ್ಮವರು ದುಃಖಪಟ್ಟರು" ಎಂದರು ಹಿರಿಯರು. "ಶಿಖರ ಹೋಗಿದ್ದರೆ ನಾವು ಯಾವ ಊರಿನವರು ಎಂದೇ ನಮಗೆ ಗೊತ್ತಾಗುತ್ತಿರಲಿಲ್ಲ." ಅತಿಶಯೋಕ್ತಿ ಇರಬಹುದು. ಆದರೆ ಈ ಊರಿನ ಫುಟ್‌ಬಾಲ್ ತಂಡದವರನ್ನು ಜನ ಕರೆಯುವುದೇ 'ಸ್ಪೈರೈಟ್ಸ್' ಎಂದು, ಶಿಖರದವರು.

ಗೋಡೆಯ ಫಲಕದಲ್ಲಿ ಸೊಟ್ಟಾದದ್ದಕ್ಕೆ ಕಾರಣಗಳನ್ನು ಬರೆದಿದ್ದರು. 1349ರ ಪ್ಲೇಗಿನಲ್ಲಿ ಇಂಗ್ಲೆಂಡಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಸತ್ತಿದ್ದರು, ಅವರ ಜೊತೆಗೆ ಒಳ್ಳೆಯ ಬಡಗಿಗಳೂ ಹೋಗಿದ್ದರು, ಉಳಿದವರು ಕಟ್ಟಿದರು. ಮರ ಹಸಿಯದು. ಆ ಸಾಲು ಓದಿದ್ದೇ ನನಗೆ ಎಲ್ಲಿಲ್ಲದ ಹುರುಪು. ಊರಿನಲ್ಲಿರುವ ತಮ್ಮನಿಗೆ ಅಲ್ಲಿಂದಲೇ ಸಂದೇಶ ಕಳುಹಿಸಿದೆ: "ಅಪ್ಪ ಹೇಳುತ್ತಿದ್ದದ್ದು ಸರಿ. ಇಲ್ಲಿ ಬೋರ್ಡಿನಲ್ಲೇ ಬರೆದಿದ್ದಾರೆ." ಅವನು ಹೆಬ್ಬೆರಳು ತೋರಿಸುವ ಚಿತ್ರ ಕಳುಹಿಸಿದ. ಮಳೆ, ಅಡಿಕೆಗೆ ಕೊಳೆ, ಅವನಿಗೆ ಅವನದೇ ಚಿಂತೆ.

ಈ ಶಿಖರ ಕಟ್ಟುವಾಗ ಕಲ್ಲು ಮರ ಎತ್ತಲು ಬಳಸಿದ ಮರದ ರಾಟೆಯೊಂದು ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಮನುಷ್ಯರು ತಿರುಗಿಸುತ್ತಿದ್ದ ದೊಡ್ಡ ಚಕ್ರ. ಅದನ್ನು ನೋಡಲೇಬೇಕೆಂದು ಹೋದೆವು. ದುರಸ್ತಿಗಾಗಿ ಮುಚ್ಚಿತ್ತು. ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

ಹಸಿವು. ಊರ ನಡುವಿನ ಕಲ್ಲುಹಾಸಿನ ಚೌಕದಲ್ಲಿ ಸಂತೆ ನೆರೆದಿತ್ತು. ಜಾನ್ ದೊರೆ 1204ರಲ್ಲಿ ಸನ್ನದು ಕೊಟ್ಟ ಸಂತೆ ಇದು. ಗುರುವಾರ ಹಳೆಯ ಸಾಮಾನುಗಳದು: ಕಿವಿ ಮುರಿದ ಚಹಾ ಬಟ್ಟಲು, ಯಾರದೋ ಅಜ್ಜನ ಪದಕ, ತುಕ್ಕು ಹಿಡಿದ ಕೀಸುಳಿ. ಕೀಸುಳಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಅಂಗಡಿಯ ಹೆಂಗಸು "ಏನು ಕೊಡಲಿ, ಡಕ್?" ಎಂದರು. ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ಬಾತುಕೋಳಿ ಹಿಡಿದು ನಿಂತಿದ್ದಾರೋ ಎಂದು. ತಂಗಿ ಪಕ್ಕೆ ತಿವಿದಳು. ಈ ಕಡೆ ಎಲ್ಲರನ್ನೂ ಹಾಗೆಯೇ ಕರೆಯುತ್ತಾರಂತೆ. ನಾವು 'ಮಾರಾಯ' ಎಂದ ಹಾಗೆ. ಅರವತ್ತೊಂದನೆಯ ವಯಸ್ಸಿನಲ್ಲಿ ಬಾತುಕೋಳಿ ಎನ್ನಿಸಿಕೊಂಡು ಮನಸ್ಸಿಗೆ ಹಿತವಾಯಿತು. ಕೀಸುಳಿಯನ್ನು ಕೊಳ್ಳಲಿಲ್ಲ, ವಿಮಾನದಲ್ಲಿ ಅದನ್ನು ವಿವರಿಸುವವರು ಯಾರು.

1857ರ ಮಾರ್ಕೆಟ್ ಹಾಲ್ ಪಕ್ಕದ ಸಣ್ಣ ಅಂಗಡಿಯಲ್ಲಿ ಡರ್ಬಿಶೈರ್ ಓಟ್‌ಕೇಕ್ ಸಿಕ್ಕಿತು. ಹೆಸರಿಗೆ ಕೇಕ್. ನೋಡಿದರೆ ದೋಸೆ! ಓಟ್ಸ್ ಹಿಟ್ಟು, ಗೋಧಿ ಹಿಟ್ಟು ಕಲಸಿ ಯೀಸ್ಟ್ ಹಾಕಿ ಹುಳಿ ಬರಿಸಿ ಕಾವಲಿಯ ಮೇಲೆ ಹುಯ್ಯುತ್ತಾರೆ. ತೂತು ತೂತಾಗಿ, ದಪ್ಪಗೆ, ನೀರುದೋಸೆಗಿಂತ ಸೆಟ್ ದೋಸೆಗೆ ಹತ್ತಿರ. ಒಳಗೆ ಚೀಸ್ ಹಾಕಿ ಮಡಿಸಿ ಕೊಟ್ಟರು. ಸಪ್ಪೆಯೆನಿಸಿತು. ತಂಗಿ ಮೇಜಿನ ಮೇಲಿದ್ದ ಕಿತ್ತಳೆ ಚೀಟಿಯ ಸೀಸೆಯನ್ನು ಮುಂದೆ ಸರಿಸಿದಳು: ಶೆಫೀಲ್ಡಿನ ಹೆಂಡರ್ಸನ್ಸ್ ರೆಲಿಶ್. ನಾಲ್ಕು ಹನಿ ಹಾಕಿ ಬಾಯಿಗಿಟ್ಟರೆ ಪರಿಚಿತ ಹುಳಿ. ಸೀಸೆ ತಿರುಗಿಸಿ ಓದಿದೆ. ಹುಣಸೆಹಣ್ಣು! ಮೀನು ಗೀನು ಏನೂ ಇಲ್ಲ, ನಮ್ಮಂಥ ಸಸ್ಯಾಹಾರಿಗಳು ಧೈರ್ಯವಾಗಿ ಹಾಕಿಕೊಳ್ಳಬಹುದು. ಎರಡನೆಯ ಓಟ್‌ಕೇಕಿಗೆ ನಾನು ಆ ಸೀಸೆಯನ್ನು ಚಟ್ನಿಯ ಬಟ್ಟಲಿನಂತೆ ನಡೆಸಿಕೊಂಡೆ.

ಮೂರನೆಯ ದಿನ, ಶುಕ್ರವಾರ: ಸೈತಾನನ ಲಾಳ

ತಂಗಿಗೆ ಡ್ಯೂಟಿ. ನಾನೊಬ್ಬನೇ ಬೋಲ್ಸೋವರಿಗೆ ಹೊರಟೆ. ಚೆಸ್ಟರ್‌ಫೀಲ್ಡಿನಿಂದ ಪೂರ್ವಕ್ಕೆ ಆರು ಮೈಲಿ, ಬೆಟ್ಟದ ಮೇಲಿನ ಊರು. ಹೋಗಲು ಕಾರಣ ಒಂದು ಕಥೆ.

ಬೋಲ್ಸೋವರಿನ ಕಮ್ಮಾರನೊಬ್ಬನ ಬಳಿಗೆ ಸೈತಾನ ಕಾಲಿಗೆ ಲಾಳ ಹೊಡೆಸಿಕೊಳ್ಳಲು ಬಂದನಂತೆ. ಕಮ್ಮಾರನ ಕೈ ನಡುಗಿತೋ, ಬೇಕೆಂದೇ ಮಾಡಿದನೋ, ಮೊಳೆ ಗೊರಸು ದಾಟಿ ಮೆತ್ತನೆಯ ಮಾಂಸಕ್ಕೆ ಇಳಿಯಿತು. ಸೈತಾನ ನೋವಿಗೆ ಕಿರುಚುತ್ತ ಹಾರಿದವನು ಚೆಸ್ಟರ್‌ಫೀಲ್ಡ್ ಮೇಲೆ ಬರುವಾಗ ಕಾಲು ಝಾಡಿಸಿ ಒದ್ದ. ಏಟು ಶಿಖರಕ್ಕೆ ಬಿತ್ತು. ಇನ್ನೊಂದು ಕಥೆಯಲ್ಲಿ ಅವನು ಶಿಖರಕ್ಕೆ ಬಾಲ ಸುತ್ತಿಕೊಂಡು ದಣಿವಾರಿಸುತ್ತ ಕುಳಿತಿದ್ದ. ಕೆಳಗಿನಿಂದ ಧೂಪದ ಹೊಗೆ ಬಂದು ಸೀನಿದ. ಆ ಸೀನಿಗೆ ತಿರುಚಿತು.

ಬಸ್ಸಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ನನ್ನ ನಿಲ್ದಾಣ ತಪ್ಪಿಸಿಕೊಂಡೆ. ಇಳಿದದ್ದು ಹೊಲಗಳ ನಡುವೆ, ಆ ಹೊತ್ತಿಗೆ ಸರಿಯಾಗಿ ಮಳೆ. ಇಲ್ಲಿನ ಮಳೆಗೆ ನಮ್ಮ ಮಳೆಯ ಗಾಂಭೀರ್ಯವಿಲ್ಲ. ಹುಯ್ಯುವುದಿಲ್ಲ, ನಿಲ್ಲುವುದೂ ಇಲ್ಲ, ಸಾಲಗಾರನ ಹಾಗೆ ಜೊತೆಗೆ ನಡೆದು ಬರುತ್ತದೆ. ಕೊಡೆ ಬಿಚ್ಚಿದ ಕೂಡಲೇ ಗಾಳಿ ಅದನ್ನು ಬೋಗುಣಿ ಮಾಡಿತು. ಒಂದೂವರೆ ಮೈಲಿ ಹಿಂದಕ್ಕೆ ನಡೆದೆ. ನಾಯಿಯನ್ನು ಸುತ್ತಾಡಿಸುತ್ತಿದ್ದ ಒಬ್ಬರು, ಕೇಳದೆಯೇ, "ಕೋಟೆಗೆ ಈ ಕಾಲುದಾರಿ ಹತ್ತಿರ, ಡಕ್" ಎಂದರು. ಹತ್ತಿರವೇನೋ ಹೌದು, ಕೆಸರು ಗದ್ದೆಯದು. ಮಲೆನಾಡಿನವನೆಂಬ ಹೆಮ್ಮೆಯಿಂದ ಇಳಿದೆ, ಎಡಗಾಲಿನ ಬೂಟು ಅಲ್ಲೇ ಉಳಿಯಿತು. ಒಂಟಿಗಾಲಿನಲ್ಲಿ ನಿಂತು ಅದನ್ನು ಕಿತ್ತುಕೊಳ್ಳುವಾಗ ಆ ನಾಯಿ ಬಹಳ ಆಸಕ್ತಿಯಿಂದ ನೋಡಿತು.

ಬೋಲ್ಸೋವರ್ ಕೋಟೆ ಹೆಸರಿಗಷ್ಟೇ ಕೋಟೆ. 12ನೆಯ ಶತಮಾನದ ಕೋಟೆಯ ಜಾಗದಲ್ಲಿ 1612ರಿಂದ ಚಾರ್ಲ್ಸ್ ಕ್ಯಾವೆಂಡಿಶ್ ಮತ್ತು ಅವರ ಮಗ ವಿಲಿಯಂ ಕಟ್ಟಿಸಿದ ವಿಲಾಸದ ಅರಮನೆ. 1634ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ರಾಣಿಯ ಸಮೇತ ಇಲ್ಲಿ ಅತಿಥಿಯಾಗಿದ್ದ. ವಿಲಿಯಂಗೆ ಕುದುರೆಗಳೆಂದರೆ ಪ್ರಾಣ. ಕುದುರೆಗಳಿಗೆ ನೃತ್ಯದಂಥ ನಡೆಗಳನ್ನು ಕಲಿಸಲೆಂದೇ ಕಟ್ಟಿಸಿದ ದೊಡ್ಡ ಸವಾರಿ ಮನೆ ಇನ್ನೂ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮಾಡು: ತೊಲೆ, ಅಡ್ಡತೊಲೆ, ಓರೆತೊಲೆಗಳು ಒಂದಕ್ಕೊಂದು ಕೈಕೊಟ್ಟು ನಿಂತ ಬಗೆ. ಅದರ ಕೆಳಗೆ, ಮೈಯಿಂದ ನೀರು ತೊಟ್ಟಿಕ್ಕಿಸುತ್ತ, ಅರ್ಧ ಗಂಟೆ ನಿಂತಿದ್ದೆ. ಮಳೆಯಿಂದ ತಪ್ಪಿಸಿಕೊಳ್ಳಲು ಎಂದೂ ಹೇಳಬಹುದು. ಕುದುರೆಗಳ ಊರಿನಲ್ಲಿ ಲಾಳದ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ ಎಂದುಕೊಂಡೆ. ಆದರೆ ಕಥೆ ಮೊದಲೋ ಈ ಕುದುರೆಗಳು ಮೊದಲೋ.

ಟಿಕೆಟ್ ಕೌಂಟರಿನ ಹುಡುಗಿಯನ್ನು ಕೇಳಿದೆ: ಇಲ್ಲಿಂದ ಸೊಟ್ಟ ಶಿಖರ ಕಾಣುತ್ತದೆಯೇ? "ಬಿಸಿಲಿದ್ದ ದಿನ ಗೋಡೆಯ ಮೇಲಿಂದ ನೋಡಬೇಕು" ಎಂದಳು. ಗೋಡೆಯ ಮೇಲೆ ಹೋದೆ. ಕಣಿವೆ ತುಂಬ ಹಾಲಿನಂಥ ಮಂಜು, ಅದರೊಳಗಿಂದ ಹೆದ್ದಾರಿಯ ಲಾರಿಗಳ ಗುಂಯ್ಗುಡುವಿಕೆ. ಸೈತಾನ ಆವತ್ತು ಹಾರಿದ್ದರೆ ದಾರಿ ತಪ್ಪಿ ಶೆಫೀಲ್ಡಿಗೆ ಹೋಗುತ್ತಿದ್ದ.

ಸಂಜೆ ತಂಗಿಯ ಮನೆಯಲ್ಲಿ ಬೂಟಿನೊಳಗೆ ಪತ್ರಿಕೆಯ ಹಾಳೆ ತುರುಕಿ, ಕಷಾಯ ಕುಡಿದು ಮಲಗಿದೆ. ತಂಗಿಯ ಡಬ್ಬಿಯಲ್ಲಿ ಅಮ್ಮನ ಕೈಯ ಕಷಾಯದ ಪುಡಿ ಇನ್ನೂ ಎರಡು ಚಮಚ ಉಳಿದಿತ್ತು. ಒಂದನ್ನು ನನಗಾಗಿ ಖರ್ಚು ಮಾಡಿದಳು.

ನಾಲ್ಕನೆಯ ದಿನ, ಶನಿವಾರ: ಒಳಗಿನಿಂದ

ಗಾಳಿ ಇಲ್ಲ. ಬೂಟು ಇನ್ನೂ ಒದ್ದೆ.

ಗೋಪುರಕ್ಕೆ ಹತ್ತು ಜನರ ಗುಂಪು. ನಮ್ಮನ್ನು ಕರೆದೊಯ್ದವರು ಐವತ್ತರ ಆಸುಪಾಸಿನ ಮಹಿಳೆ. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರಂತೆ. ಮೇಷ್ಟರು ಮೇಷ್ಟರನ್ನು ಗುರುತಿಸುತ್ತಾರೆ. ಅವರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ರೀತಿಯಲ್ಲೇ ನನಗೆ ಗೊತ್ತಾಗಿತ್ತು. ಸುರುಳಿ ಮೆಟ್ಟಿಲುಗಳು ಒಬ್ಬರೇ ಹೋಗುವಷ್ಟು ಇಕ್ಕಟ್ಟು; ಶತಮಾನಗಳ ಕಾಲುಗಳು ನಡುವನ್ನು ಬಟ್ಟಲು ಮಾಡಿವೆ. ಕೈಗೆ ಹಗ್ಗವೊಂದೇ ಆಸರೆ. ಮಂಡಿ ನೋವಿನವರು ಕೆಳಗೆ ಕುಳಿತು ಫಲಕ ಓದುವುದೇ ಜಾಣತನ. ನಾನು ಜಾಣನಲ್ಲ. ದಾರಿಯಲ್ಲಿ ಗಂಟೆ ಬಾರಿಸುವವರ ಕೋಣೆ, ಅದರ ಮೇಲೆ 1947ರಲ್ಲಿ ಎರಕ ಹುಯ್ದ ಹತ್ತು ಗಂಟೆಗಳು. ಗಂಟೆಗಳ ಮಧ್ಯೆ ನಿಂತಾಗ ತಂಗಿ ನನ್ನ ತೋಳು ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ದೇವಸ್ಥಾನದ ಜಾಗಟೆಗೆ ಹೆದರುತ್ತಿದ್ದವಳು.

ಆಮೇಲೆ ಶಿಖರದ ಬುಡ. ಒಂದು ಸಣ್ಣ ಬಾಗಿಲಿನಿಂದ ಬಗ್ಗಿ ಒಳಕ್ಕೆ ನೋಡಿದೆವು.

ಹೊರಗಿನಿಂದ ಹಿಂಡಿದ ಪಂಚೆ. ಒಳಗೆ ನೋಡಿದರೆ ಕಾಡು. ಆಳೆತ್ತರದ ಓಕ್ ತೊಲೆಗಳು, ಬಾಚಿಯ ಗುರುತುಗಳು ಮಾಸದ ಮೈ, ಒಂದಕ್ಕೊಂದು ತಾಗಿ ಮೇಲೆ ಮೇಲೆ ಕತ್ತಲಿಗೆ ಹೋಗುತ್ತವೆ. ಮೇಲೆ ಹೋದಂತೆ ಎಲ್ಲವೂ ನಿಧಾನವಾಗಿ ಒಂದೇ ಕಡೆಗೆ ತಿರುಗುತ್ತವೆ. ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ನಂತರದ ಕಾಲದವರು ಹಾಕಿದ ಆಧಾರಗಳು ಅಲ್ಲಲ್ಲಿ ಹೊಸ ಹಲ್ಲಿನ ಹಾಗೆ ಕಾಣುತ್ತವೆ.

"ಯಾಕೆ ಹೀಗಾಯಿತು?" ಎಂದು ಟೀಚರ್ ಕೇಳಿದರು.

ನಾನು ಕೈ ಎತ್ತಿದೆ. ನಿಜವಾಗಿಯೂ ಎತ್ತಿದೆ. "ಹಸಿ ಮರ."

"ಎಲ್ಲರೂ ಅದನ್ನೇ ಹೇಳುತ್ತಾರೆ" ಎಂದರು, ಹತ್ತರಲ್ಲಿ ಮೂರು ಅಂಕ ಕೊಡುವವರ ಧ್ವನಿಯಲ್ಲಿ. "ಆದರೆ ಆ ಕಾಲದಲ್ಲಿ ಎಲ್ಲರೂ ಹಸಿ ಓಕ್ ಮರದಲ್ಲೇ ಕಟ್ಟುತ್ತಿದ್ದರು. ಒಣಗಿದ ಓಕ್ ಕಬ್ಬಿಣವಾಗುತ್ತದೆ, ಅದರಲ್ಲಿ ಉಳಿ ಇಳಿಯುವುದಿಲ್ಲ. ಈ ದೇಶದ ಹಳೆಯ ಮನೆ, ಕಣಜ, ಚರ್ಚುಗಳ ಮಾಡುಗಳೆಲ್ಲ ಹಸಿ ಮರದವೇ. ಅವು ಅಲ್ಪಸ್ವಲ್ಪ ಸೊಟ್ಟವಾಗುತ್ತವೆ, ಹೀಗೆ ತಿರುಚಿಕೊಳ್ಳುವುದಿಲ್ಲ. ನೋಡಿ, ಇಲ್ಲಿ ಏನು ಇಲ್ಲ?"

ಇರುವುದನ್ನು ತೋರಿಸುವುದು ಸುಲಭ, ಇಲ್ಲದ್ದನ್ನು ಹುಡುಕುವುದು ಕಷ್ಟ. ನಿನ್ನೆ ಮಳೆಯಲ್ಲಿ ಅರ್ಧ ಗಂಟೆ ನೋಡಿದ ಸವಾರಿ ಮನೆಯ ಮಾಡು ಕಣ್ಣ ಮುಂದೆ ಬಂತು. "ಓರೆತೊಲೆ" ಎಂದೆ ಕನ್ನಡದಲ್ಲಿ. ತಂಗಿ ಅನುವಾದಿಸಿದಳು.

ಟೀಚರ್ ತಲೆಯಾಡಿಸಿದರು. ಎರಡು ಕಂಬಗಳ ನಡುವೆ ಮೂಲೆಯಿಂದ ಮೂಲೆಗೆ ಹಾಕಬೇಕಾದ ಓರೆ ಆಧಾರಗಳು ಮೂಲದಲ್ಲಿ ಸಾಕಷ್ಟಿರಲಿಲ್ಲ. ಮರ ಒಣಗುತ್ತ ಎಳೆದಾಗ ತಡೆಯುವವರಿಲ್ಲ. ಅದರ ಮೇಲೆ ಹೊರೆ: ಮೊದಲು ಹೊದಿಸಿದ್ದು ಹಗುರವಾದ ಮರದ ಬಿಲ್ಲೆಗಳನ್ನು, ಸೀಸ ಬಂದದ್ದು ಶತಮಾನಗಳ ಮೇಲೆ ಎನ್ನುತ್ತಾರೆ. ಸೀಸದ ತೂಕ ಸುಮಾರು 33 ಟನ್. ಹಗುರ ಟೋಪಿಗೆಂದು ಮಾಡಿದ ತಲೆಯ ಮೇಲೆ ಅಕ್ಕಿಮೂಟೆ ಇಟ್ಟ ಹಾಗೆ. ಸಾಲದ್ದಕ್ಕೆ ಬಿಸಿಲು. ದಕ್ಷಿಣದ ಕಡೆಯ ಸೀಸ ದಿನವೆಲ್ಲ ಕಾಯುತ್ತದೆ, ಉತ್ತರದ್ದು ತಣ್ಣಗಿರುತ್ತದೆ. ಒಂದು ಹಿಗ್ಗುತ್ತದೆ, ಇನ್ನೊಂದು ಹಾಗೆಯೇ ಇರುತ್ತದೆ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ತಗಡು ಮರವನ್ನು ಎಳೆಯುತ್ತಲೇ ಹೋಯಿತು.

ಹೊರಗಿನ ಕೈಪಿಡಿ ಗೋಡೆಯ ಬಳಿ ಬಂದಾಗ ಸೀಸದ ಮೇಲೆ ಅಂಗೈ ಇಟ್ಟು ನೋಡಿದೆ. ಬಿಸಿಲಿನ ಕಡೆ ಹದವಾಗಿ ಬೆಚ್ಚಗಿತ್ತು. ಸುತ್ತಿ ಆಚೆ ಹೋಗಿ ಮುಟ್ಟಿದರೆ ಹಂಡೆಯ ತಣ್ಣೀರು. ಶಾಲೆಯಲ್ಲಿ ಲೋಹಗಳ ಹಿಗ್ಗುವಿಕೆಯನ್ನು ಇಪ್ಪತ್ತೆಂಟು ವರ್ಷ ಕಲಿಸಿದ್ದೇನೆ, ಗುಂಡು ಬಳೆಯ ಪ್ರಯೋಗ ಮಾಡಿ ತೋರಿಸಿ. ಅಷ್ಟೂ ವರ್ಷ ಅದು ನನ್ನ ಅಂಗೈಗೆ ಗೊತ್ತಿರಲಿಲ್ಲ.

ಕೆಳಗಿಳಿಯುವಾಗ ಟೀಚರ್ ಮೂರನೆಯ ಕಥೆ ಹೇಳಿದರು. ಅಪರೂಪಕ್ಕೊಮ್ಮೆ ಒಬ್ಬ ಕನ್ಯೆ ಈ ಚರ್ಚಿನಲ್ಲಿ ಮದುವೆಯಾದಳಂತೆ. ಶಿಖರ ಅಚ್ಚರಿಗೊಂಡು ಕತ್ತು ತಿರುಗಿಸಿ ನೋಡಿತು. ಇನ್ನೊಬ್ಬಳು ಬಂದಾಗ ನೆಟ್ಟಗಾಗುತ್ತದೆ ಎಂದು ಕಾಯುತ್ತಿದೆ. ಊರಿನವರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಇಂಥ ಕಥೆಯನ್ನು ಶತಮಾನಗಳಿಂದ ನಗುತ್ತ ಹೇಳಿಕೊಂಡು ಬಂದಿದ್ದಾರಲ್ಲ, ಅವರ ಹೊಟ್ಟೆ ದೊಡ್ಡದು. ಯುರೋಪಿನಲ್ಲಿ ಹೀಗೆ ತಿರುಚಿದ ಶಿಖರಗಳು ಇನ್ನೂ ಹಲವಾರು ಇವೆ, ಹೆಚ್ಚಿನವು ಫ್ರಾನ್ಸಿನಲ್ಲಿ. ಕೆಲವನ್ನು ಬೇಕೆಂದೇ ಹಾಗೆ ಕಟ್ಟಿದ್ದಾರೆ. "ನಮ್ಮದು ಬೇಕೆಂದು ಆದದ್ದಲ್ಲ" ಎಂದು ಟೀಚರ್ ಒತ್ತಿ ಹೇಳಿದರು.

ನಾವು ಹೊರಬರುವಷ್ಟರಲ್ಲಿ ಅಂಗಳದಲ್ಲಿ ನಿಜಕ್ಕೂ ಮದುವೆಯ ದಿಬ್ಬಣ. ಬಿಳಿಯ ಉಡುಪಿನ ಮದುಮಗಳು ಕಾರಿನಿಂದ ಇಳಿದು, ನೆರಿಗೆ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟವಳು ನಿಂತಳು. ತಲೆ ಎತ್ತಿ ಶಿಖರ ನೋಡಿ ಅದರತ್ತ ಬೆರಳು ಆಡಿಸಿ ಗದರಿಸಿದಳು. ಇಡೀ ದಿಬ್ಬಣ ಘೊಳ್ಳೆಂದು ನಕ್ಕಿತು. ಅವಳ ತಂದೆಯಂತೂ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ನಗುವಿಗೋ ಮಗಳಿಗೋ ತಿಳಿಯಲಿಲ್ಲ.

ನಿಲ್ದಾಣದ ಬೆಂಚಿನಲ್ಲಿ ಕುಳಿತು ತಮ್ಮನಿಗೆ ಕರೆ ಮಾಡಿದೆ. ಅಲ್ಲಿ ಆಗಲೇ ರಾತ್ರಿ ಊಟದ ಹೊತ್ತು. "ಹಿತ್ತಿಲ ಬಾಗಿಲಿನ ಒಳಮೈಯ ಫೋಟೋ ತೆಗೆದು ಕಳುಹಿಸು" ಎಂದೆ.

"ಅಣ್ಣಾ, ನಿನಗೆ ಅಲ್ಲಿ ನೋಡಲು ಬೇರೇನೂ ಸಿಗಲಿಲ್ಲವಾ?" ಎಂದ. ಆದರೂ ಕಳುಹಿಸಿದ. ಟಾರ್ಚಿನ ಬೆಳಕಿನಲ್ಲಿ ಐದು ಹಲಗೆ, ಮೇಲೊಂದು ಕೆಳಗೊಂದು ಅಡ್ಡಪಟ್ಟಿ. ನಡುವೆ ಓರೆಪಟ್ಟಿ ಇಲ್ಲ. ತಂಗಿ ಫೋನನ್ನು ಕೈಗೆ ತೆಗೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

ಸ್ವಲ್ಪ ಹೊತ್ತಿಗೆ ತಮ್ಮನ ಇನ್ನೊಂದು ಸಂದೇಶ: "ಅಮ್ಮನನ್ನು ಕೇಳಿದೆ. ಆಚಾರರು ಓರೆಪಟ್ಟಿ ಬೇಕು ಅಂದಿದ್ದರಂತೆ. ಅಪ್ಪನೇ, ಹಿತ್ತಿಲ ಬಾಗಿಲಿಗೆ ಅಷ್ಟೆಲ್ಲ ಯಾಕೆ, ಮರ ದಂಡ ಅಂದರಂತೆ."

ಆಚಾರರು ತೀರಿಕೊಂಡು ಹದಿನೈದು ವರ್ಷವಾಗಿರಬೇಕು. ಅವರ ಮಗ ಈಗಲೂ ಊರಿನ ಕೆಳಕೇರಿಯಲ್ಲೇ ಕೆಲಸ ಮಾಡುತ್ತಾನೆ. ಎಡಗಡೆಯ ಕಿಟಕಿಗೆ ಕುಳಿತು, ರೈಲು ತಿರುವು ದಾಟುವವರೆಗೆ ಶಿಖರವನ್ನು ನೋಡುತ್ತಿದ್ದೆ. ಹೆಂಡರ್ಸನ್ಸ್ ಸೀಸೆ ಎರಡು ಕೊಂಡಿದ್ದೆ, ಒಂದನ್ನು ಅವನಿಗೆ ಕೊಡಬೇಕೆಂದು ತಂಗಿಗೆ ಹೇಳಿದಾಗ ಅವಳು, "ಹುಣಸೆಹುಳಿಯನ್ನು ಇಲ್ಲಿಂದ ತೀರ್ಥಹಳ್ಳಿಗೆ ಹೊರುತ್ತೀಯಾ?" ಎಂದು ಮತ್ತೆ ನಗತೊಡಗಿದಳು.